ಉಗಿಯಾನೆಗೆ ಉರಿ ಹಾಕುವವರಾರು?

ಹೆಸರನ್ನು ಕೇಳಿದೊಡನೆ ಹುಬ್ಬು ಗಂಟಿಕ್ಕುವವರೇ ಹೆಚ್ಚು. ‘ಸ್ಟೀಮ್‌ಪಂಕ್’—ಇದೆಂತಹ ಶಬ್ದ? ಸ್ಟೀಮ್ ಎಂದರೆ ಉಗಿ. ಅದು ಎಲ್ಲರಿಗೂ ಗೊತ್ತು. ಪಂಕ್ ಎಂದರೆ ಪುಂಡ, ಪೋಕರಿ, ಹೇಳಿದ ಮಾತು ಕೇಳದವನು ಎಂದರ್ಥ. ಎರಡನ್ನೂ ಕೂಡಿಸಿ ಕನ್ನಡಿಸಿದರೆ ‘ಉಗಿಪುಂಡ’ ಎಂದಾದೀತು. ನಾನು ಹೀಗೆಂದಾಗ ನಮ್ಮ ಕನ್ನಡ ವಿಭಾಗದ ಗುರುಗಳೊಬ್ಬರು, “ಇದು ತತ್ಪುರುಷವೋ ಕರ್ಮಧಾರಯವೋ, ಮೊದಲು ವಿಗ್ರಹವಾಕ್ಯ ಹೇಳು” ಎಂದು ನಕ್ಕರು. ಸಮಾಸ ಯಾವುದಾದರೂ ಆಗಲಿ, ಆ ಹೆಸರಿನ ಚಿತ್ರಗಳು ಮಾತ್ರ ಇಂದು ನಮ್ಮ ವಿದ್ಯಾರ್ಥಿಮಿತ್ರರ ಮೊಬೈಲುಗಳಲ್ಲಿ ತುಂಬಿ ತುಳುಕುತ್ತಿವೆ. ಹಿತ್ತಾಳೆಯ ಗೂಬೆ, ತಾಮ್ರದ ತಿಮಿಂಗಿಲ, ಹೊಗೆಕೊಳವೆ ಹೊತ್ತು ಆಕಾಶದಲ್ಲಿ ತೇಲುವ ಹಡಗು, ಎತ್ತರದ ಕರಿ ಟೋಪಿಗೆ ಹಲ್ಲುಚಕ್ರ ಅಂಟಿಸಿಕೊಂಡು ಕನ್ನಡಕ ಏರಿಸಿದ ದೊರೆ—ಇವನ್ನು ಕಾಣದವರು ವಿರಳ. ಕಂಪ್ಯೂಟರಿನ ಮೇಲೆ ಇಂತಹ ಚಿತ್ರಗಳನ್ನು ಬರೆಯುವವರು ನಮ್ಮ ಕಾಲೇಜಿನಲ್ಲಿಯೇ ಏಳೆಂಟು ಮಂದಿ ಇದ್ದೇವೆ. ಬರೆಯುವ ಕೈಗಳಿವೆ, ಮೆಚ್ಚುವ ಕಣ್ಣುಗಳಿವೆ. ಇವೆರಡರ ನಡುವೆ ಇರಬೇಕಾದ ವಿಮರ್ಶೆಯೊಂದು ಮಾತ್ರ ಇಲ್ಲ. ಆ ಕೊರತೆಯನ್ನು ಕುರಿತು ನಾಲ್ಕು ಮಾತು ಹೇಳುವುದೇ ಈ ಲೇಖನದ ಉದ್ದೇಶ.

ಪ್ರಕಾರಕ್ಕೆ ಹೆಸರು ಬಂದು ಬಹಳ ಕಾಲವಾಗಿಲ್ಲ. ೧೯೮೭ರಲ್ಲಿ ಕೆ. ಡಬ್ಲ್ಯು. ಜೀಟರ್ ಎಂಬ ಅಮೆರಿಕದ ಕಾದಂಬರಿಕಾರನು ‘ಲೋಕಸ್’ ಪತ್ರಿಕೆಗೆ ಒಂದು ಕಾಗದ ಬರೆದು, ತಾನೂ ತನ್ನ ಮಿತ್ರರಾದ ಟಿಮ್ ಪವರ್ಸ್ ಮತ್ತು ಜೇಮ್ಸ್ ಬ್ಲೇಲಾಕ್ ಅವರೂ ಬರೆಯುತ್ತಿದ್ದ ವಿಕ್ಟೋರಿಯಾ ಕಾಲದ ಅದ್ಭುತ ಕಥೆಗಳಿಗೆ ಅರ್ಧ ತಮಾಷೆಯಾಗಿ ಈ ಹೆಸರನ್ನು ಸೂಚಿಸಿದನು. ೧೯೯೦ರಲ್ಲಿ ವಿಲಿಯಂ ಗಿಬ್ಸನ್, ಬ್ರೂಸ್ ಸ್ಟರ್ಲಿಂಗ್ ಎಂಬಿಬ್ಬರು ಸೇರಿ ಬರೆದ ‘ದಿ ಡಿಫರೆನ್ಸ್ ಎಂಜಿನ್’ ಎಂಬ ಕಾದಂಬರಿಯಲ್ಲಿ ಚಾರ್ಲ್ಸ್ ಬ್ಯಾಬೇಜನ ಗಣನಯಂತ್ರವು ಅವನ ಕಾಲದಲ್ಲಿಯೇ ಸಿದ್ಧಿಸಿ, ಇಂಗ್ಲೆಂಡು ಉಗಿಯಿಂದ ನಡೆಯುವ ಕಂಪ್ಯೂಟರುಗಳ ರಾಜ್ಯವಾಗುತ್ತದೆ. ನಿಜವಾಗಿ ಬ್ಯಾಬೇಜನಿಗೆ ತನ್ನ ಯಂತ್ರವನ್ನು ಮುಗಿಸುವ ಯೋಗವಿರಲಿಲ್ಲ. ಅವನ ನಕ್ಷೆಯಂತೆ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದವರು ೧೯೯೧ರಲ್ಲಿ ಕಟ್ಟಿ ನೋಡಿದಾಗ ಅದು ಸರಿಯಾಗಿಯೇ ಲೆಕ್ಕ ಮಾಡಿತು! ಕಥೆಯಿಂದ ಚಿತ್ರಕ್ಕೂ, ಚಿತ್ರದಿಂದ ಒಡವೆ ಉಡುಪುಗಳಿಗೂ ಈ ಹವ್ಯಾಸ ಹಬ್ಬಿ, ೨೦೦೯ರಲ್ಲಿ ಆಕ್ಸ್‌ಫರ್ಡಿನ ವಿಜ್ಞಾನ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿ ಇದಕ್ಕೆಂದೇ ಒಂದು ಪ್ರದರ್ಶನ ಏರ್ಪಡುವಷ್ಟರ ಮಟ್ಟಿಗೆ ಬೆಳೆಯಿತು.

ಇದೆಲ್ಲದರ ಮೂಲದಲ್ಲಿರುವುದು ಒಂದೇ ಪ್ರಶ್ನೆ: ವಿದ್ಯುತ್ತೂ ಪೆಟ್ರೋಲೂ ಗೆಲ್ಲದೆ ಉಗಿಯೇ ಲೋಕವನ್ನು ಆಳಿದ್ದರೆ ಏನಾಗುತ್ತಿತ್ತು? ಹುಡುಗಾಟದ ಪ್ರಶ್ನೆಯೆಂದು ತಳ್ಳಿಹಾಕಬೇಕಾದುದಿಲ್ಲ. ನಮ್ಮ ಕೈಯಲ್ಲಿರುವ ಮೊಬೈಲನ್ನೇ ನೋಡಿ. ಒಂದು ಕರಿಯ ಗಾಜಿನ ಬಿಲ್ಲೆ. ಒಳಗೆ ಏನು ನಡೆಯುತ್ತಿದೆಯೆಂಬುದು ಹೊರಗಿನವರಿಗೆ ತಿಳಿಯುವಂತಿಲ್ಲ, ಬಿಚ್ಚಿದರೂ ಕಾಣುವಂತಿಲ್ಲ. ಉಗಿಯ ಯಂತ್ರವಾದರೋ ತನ್ನ ಕರುಳನ್ನೆಲ್ಲ ಹೊರಗೆ ಹಾಕಿಕೊಂಡು ನಿಲ್ಲುತ್ತದೆ. ಕೊಂತ ಚಲಿಸಿದ್ದು ಕಾಣುತ್ತದೆ, ಚಕ್ರ ತಿರುಗಿದ್ದು ಕಾಣುತ್ತದೆ, ಯಾವುದು ಯಾವುದನ್ನು ತಳ್ಳಿತೆಂಬುದು ಹತ್ತು ವರ್ಷದ ಮಗುವಿಗೂ ಕಾಣುತ್ತದೆ. ಈ ಕಾಲದ ತರುಣನಿಗೆ ಆ ಕಾಲದ ಯಂತ್ರದ ಮೇಲೆ ಮೋಹ ಹುಟ್ಟುವುದು ಇದರಿಂದಲೇ ಎಂದು ನನ್ನ ಎಣಿಕೆ.

ಆದುದರಿಂದಲೇ ಈ ಬಗೆಯ ಚಿತ್ರವನ್ನು ಬರೆಯುವವನೂ ಅದನ್ನು ಬೆಲೆಕಟ್ಟುವವನೂ ಎರಡು ಪ್ರಶ್ನೆಗಳನ್ನು ಕೇಳದೆ ಬಿಡಬಾರದೆಂದು ನಾನು ವಾದಿಸುತ್ತೇನೆ. ಈ ಯಂತ್ರ ಓಡೀತೆ? ಓಡುವುದಾದರೆ ಓಡಿಸುವವರು ಯಾರು?

ಮೊದಲನೆಯ ಪ್ರಶ್ನೆಯನ್ನು ಎತ್ತಿಕೊಳ್ಳೋಣ. ಐಚ್ಛಿಕ ಕನ್ನಡವನ್ನು ಓದಿದವರಿಗೆ ಕ್ಷೇಮೇಂದ್ರನ ಔಚಿತ್ಯವಿಚಾರ ಹೊಸದಲ್ಲ, ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯ ಮೂಲಕವಾದರೂ ನಾವೆಲ್ಲ ಅದರ ಹೆಸರು ಕೇಳಿದ್ದೇವೆ. ಸೊಂಟದ ಡಾಬನ್ನು ಕೊರಳಿಗೂ ಕೊರಳಿನ ಹಾರವನ್ನು ಸೊಂಟಕ್ಕೂ ತೊಟ್ಟವರನ್ನು ಕಂಡರೆ ಯಾರಿಗೆ ನಗು ಬಾರದು ಎಂಬುದು ಆ ಹನ್ನೊಂದನೆಯ ಶತಮಾನದ ಕಾಶ್ಮೀರದ ಪಂಡಿತನ ಮಾತಿನ ತಾತ್ಪರ್ಯ. ಸ್ಟೀಮ್‌ಪಂಕ್ ಚಿತ್ರಗಳಲ್ಲಿ ಹಲ್ಲುಚಕ್ರವೇ ಡಾಬು, ಹಲ್ಲುಚಕ್ರವೇ ಹಾರ. ಟೋಪಿಯ ಮೇಲೆ ಹಲ್ಲುಚಕ್ರ, ಗೂಬೆಯ ಎದೆಯಲ್ಲಿ ಹಲ್ಲುಚಕ್ರ, ಗಡಿಯಾರದ ಸುತ್ತ ಹದಿನಾರು ಹಲ್ಲುಚಕ್ರ. ಅದು ಯಾವುದರಿಂದ ತಿರುಗುತ್ತದೆ, ಯಾವುದನ್ನು ತಿರುಗಿಸುತ್ತದೆ ಎಂದು ಕೇಳಿದರೆ ಉತ್ತರವಿಲ್ಲ.

ಒಂದು ಸಣ್ಣ ಪರೀಕ್ಷೆ ಹೇಳುತ್ತೇನೆ. ಯಾರು ಬೇಕಾದರೂ ಮಾಡಬಹುದು. ಎರಡು ಹಲ್ಲುಚಕ್ರಗಳು ಕಚ್ಚಿಕೊಂಡರೆ ಒಂದು ಬಲಕ್ಕೆ ತಿರುಗುವಾಗ ಇನ್ನೊಂದು ಎಡಕ್ಕೆ ತಿರುಗುತ್ತದೆ. ಈಗ ಮೂರು ಚಕ್ರಗಳನ್ನು ಒಲೆಯ ಮೂರು ಗುಂಡುಗಳಂತೆ ತ್ರಿಕೋನದಲ್ಲಿಟ್ಟು, ಪ್ರತಿಯೊಂದೂ ಉಳಿದೆರಡನ್ನೂ ಕಚ್ಚುವಂತೆ ಬರೆಯಿರಿ. ನೋಡಲು ಬಲು ಚೆಲುವು. ಎಷ್ಟೋ ಸಂಸ್ಥೆಗಳು ಸಹಕಾರದ ಸಂಕೇತವೆಂದು ಇದನ್ನೇ ಲಾಂಛನ ಮಾಡಿಕೊಂಡಿವೆ. ಆದರೆ ಮೊದಲನೆಯದು ಬಲಕ್ಕೆ, ಎರಡನೆಯದು ಎಡಕ್ಕೆ. ಮೂರನೆಯದು ಎತ್ತ ತಿರುಗಬೇಕು? ಎತ್ತಲೂ ತಿರುಗಲಾರದು. ಮೂರೂ ಒಂದನ್ನೊಂದು ಬಿಗಿದುಕೊಂಡು ನಿಂತುಬಿಡುತ್ತವೆ. (ನಮ್ಮ ಕೆಲವು ಸಂಘಗಳ ಕಾರ್ಯಕಾರಿ ಸಮಿತಿಗಳಿಗೆ ಈ ಲಾಂಛನ ಒಪ್ಪುತ್ತದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ.) ಮೊಬೈಲಿನಲ್ಲಿ ಬರುವ ಹತ್ತು ಚಿತ್ರಗಳನ್ನು ಈ ದೃಷ್ಟಿಯಿಂದ ನೋಡಿ, ಎಷ್ಟು ಯಂತ್ರಗಳು ಬರೆದವನ ಕುಂಚದ ಕೆಳಗೇ ಕಟ್ಟಿಹೋಗಿವೆಯೆಂಬುದು ತಿಳಿದೀತು.

ಬಣ್ಣದ ಮಾತೂ ಹಾಗೆಯೇ. ಈ ವರ್ಷದ ನಮ್ಮ ಚಿತ್ರಪ್ರದರ್ಶನದಲ್ಲಿ ಒಂದು ಹಿತ್ತಾಳೆಯ ವಿಮಾನವಿತ್ತು. ಹಳೆಯದೆಂದು ತೋರಿಸಲು ಮೈತುಂಬ ಕೆಂಪು ತುಕ್ಕು ಬಳಿದಿದ್ದರು. ನಮ್ಮೆಲ್ಲರ ಬಾಯಲ್ಲಿ ಹೊಗಳಿಕೆಯೇ. ಪಾತ್ರೆಗಳಿಗೆ ಕಲಾಯಿ ಹಾಕುವ ಕಸುಬಿನ ಮನೆಯಿಂದ ಬಂದ ದ್ವಿತೀಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಮಾತ್ರ, “ಹಿತ್ತಾಳಿಗೆ ತುಕ್ಕು ಎಲ್ಲಿ ಹಿಡೀತದ? ಕಿಲುಬು ಅಲ್ಲಾ ಹಿಡಿಯೋದು?” ಎಂದಳು. ಎಷ್ಟು ಸರಿಯಾದ ಮಾತು! ಹಿತ್ತಾಳೆ ತಾಮ್ರ ಮತ್ತು ಸತುವಿನ ಬೆರಕೆ. ಅದರಲ್ಲಿ ಕಬ್ಬಿಣವೇ ಇಲ್ಲದ ಮೇಲೆ ಕಬ್ಬಿಣದ ಕೆಂಪು ತುಕ್ಕು ಎಲ್ಲಿಂದ ಬರಬೇಕು? ಮೊದಲು ಕಂದಾಗಿ, ಕರ್ರಗಾಗಿ, ತೇವ ನಿಲ್ಲುವ ಸಂದುಗಳಲ್ಲಿ ಹಸಿರು ಕಿಲುಬು ಕಟ್ಟುವುದು ಅದರ ಸ್ವಭಾವ. ಹುಣಸೆಹಣ್ಣಿನಿಂದ ಬಿಂದಿಗೆ ತಿಕ್ಕಿದ ಕೈಗಳಿಗೆ ಇದನ್ನು ಯಾವ ಕಲಾಶಾಲೆಯೂ ಹೇಳಿಕೊಡಬೇಕಾದುದಿಲ್ಲ. ಆದರೂ ಆ ತಂಗಿಯು ತನ್ನ ಮಾತನ್ನು ಪ್ರದರ್ಶನದ ಅಭಿಪ್ರಾಯ ಪುಸ್ತಕದಲ್ಲಿ ಬರೆಯಲೊಪ್ಪಲಿಲ್ಲ; “ನನಗೇನು ಚಿತ್ರ ತಿಳೀತದ್ರೀ” ಎಂದುಬಿಟ್ಟಳು. ಆ ಪುಸ್ತಕವನ್ನು ನಾನು ಮೊದಲಿನಿಂದ ಕಡೆಯವರೆಗೆ ಓದಿದ್ದೇನೆ. ‘ಸೂಪರ್’, ‘ಅದ್ಭುತ’, ‘ಹೀಗೆಯೇ ಮುಂದುವರಿಯಲಿ’—ಇವು ಬಿಟ್ಟರೆ ಬೇರೆ ಮಾತಿಲ್ಲ. ಬರೆಯಬೇಕಾದವಳು ಬರೆಯಲಿಲ್ಲ, ಬರೆದವರು ನೋಡಲಿಲ್ಲ.

ಉಗಿ ಮತ್ತು ಹೊಗೆಗಳನ್ನು ಒಂದೇ ಎಂದು ತಿಳಿದು ಬರೆಯುವುದು ಇನ್ನೊಂದು ರೂಢಿ. ಹೊಗೆ ಒಲೆಯಿಂದ ಬರುವುದು. ಉಗಿ ನೀರಿನಿಂದ ಬರುವುದು. ಒಂದು ಹೋಗಬೇಕಾದ ದಾರಿ ಹೊಗೆಕೊಳವೆ, ಇನ್ನೊಂದು ಹೋಗಬೇಕಾದ ದಾರಿ ಸಿಲಿಂಡರು. ಅಷ್ಟೇ ಅಲ್ಲ, ನಿಜವಾದ ಉಗಿಯು ಕಣ್ಣಿಗೆ ಕಾಣುವುದೇ ಇಲ್ಲ. ಚಹದ ಕೆಟಲು ಕುದಿಯುವಾಗ ಮೂತಿಯನ್ನು ಗಮನಿಸಿ: ಮೂತಿಯ ತುದಿಗೂ ಬೆಳ್ಳನೆಯ ಮೋಡಕ್ಕೂ ನಡುವೆ ಬೆರಳಗಲ ಬರಿದಾದ ಜಾಗವಿರುತ್ತದೆ. ಉಗಿ ಇರುವುದು ಆ ಬರಿದಾದ ಜಾಗದಲ್ಲಿ; ಬೆಳ್ಳಗೆ ಕಾಣುವುದು ತಣಿದು ಹನಿಗೂಡಿದ ನೀರು. ಈ ಬೆರಳಗಲದ ತೆರಪನ್ನು ಬಿಟ್ಟು ಬರೆದ ಚಿತ್ರವೊಂದನ್ನು ನಾನು ಒಮ್ಮೆ ಕಂಡೆ. ಉಳಿದೆಲ್ಲವೂ ಸಾಧಾರಣವಾಗಿದ್ದರೂ ಆ ಒಂದು ತೆರಪಿನಿಂದ ಚಿತ್ರವೆಲ್ಲ ಬಿಸಿಯಾಗಿ ತೋರಿತು.

ಕಂಪ್ಯೂಟರಿನ ಮೇಲೆ ಬರೆಯುವ ಕ್ರಮವನ್ನು ಇಲ್ಲಿ ವಿವರವಾಗಿ ಹೇಳಲು ಎಡೆಯಿಲ್ಲ. ‘ಕ್ರಿಟಾ’ ಎಂಬ ತಂತ್ರಾಂಶ ಬಿಟ್ಟಿಯಾಗಿ ದೊರೆಯುತ್ತದೆ. ‘ಬ್ಲೆಂಡರ್’ ಎಂಬ ಇನ್ನೊಂದನ್ನು ೨೦೦೨ರಲ್ಲಿ ಲೋಕದ ನಾನಾ ಕಡೆಯ ಅಭಿಮಾನಿಗಳು ಒಂದು ಲಕ್ಷ ಯೂರೊ ಚಂದಾ ಕೂಡಿಸಿ ಎಲ್ಲರ ಸ್ವತ್ತಾಗಿ ಮಾಡಿದರು. ದುಡ್ಡಿಲ್ಲದ ವಿದ್ಯಾರ್ಥಿಗೆ ಇವೆರಡೂ ಸಾಕು. ಚಿತ್ರವನ್ನು ಪದರ ಪದರವಾಗಿ ಕಟ್ಟುತ್ತೇವೆ: ಕೆಳಗೆ ಗೆರೆ, ಅದರ ಮೇಲೆ ನೆರಳುಬೆಳಕು, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಕೊಳೆ. ಪದರಗಳಿರುವುದರಿಂದ ಒಂದನ್ನು ಕೆಡಿಸದೆ ಇನ್ನೊಂದನ್ನು ತಿದ್ದಬಹುದು. ವಿಮರ್ಶೆಯನ್ನು ಕೇಳಿ ತಿದ್ದಿಕೊಳ್ಳಲು ಇದಕ್ಕಿಂತ ಅನುಕೂಲವಾದ ಕಲೆ ಇನ್ನೊಂದಿಲ್ಲ. ಲೋಹದ ವಿಷಯದಲ್ಲಿ ಒಂದು ಗುಟ್ಟನ್ನು ಮಾತ್ರ ಹೇಳಿಬಿಡುತ್ತೇನೆ. ಹಿತ್ತಾಳೆಯ ಹೊಳಪೆಂಬುದು ಬಳಿಯುವ ಬಣ್ಣವಲ್ಲ. ಸುತ್ತಲಿನ ಲೋಕದ ಪ್ರತಿಬಿಂಬ. ಎದುರಿಗೆ ಕತ್ತಲಿದ್ದರೆ ಅಲ್ಲಿ ಕತ್ತಲೇ ಕಾಣಬೇಕು. ಅದರ ಮಿಂಚಿನಲ್ಲಿಯೂ ಹಳದಿಯ ಛಾಯೆ ಇರಬೇಕು. ಅಚ್ಚ ಬಿಳಿಯ ಚುಕ್ಕೆಯಿಟ್ಟರೆ ಅದು ಹಿತ್ತಾಳೆಯ ಬಿಂದಿಗೆಯಾಗದೆ ಪ್ಲಾಸ್ಟಿಕ್ಕಿನ ಕೊಡವಾಗುತ್ತದೆ.

ಇಷ್ಟು ಹೇಳುವಷ್ಟರಲ್ಲಿ ಒಂದು ಆಕ್ಷೇಪಣೆ ಕೇಳಿಬರುವುದು ಸಹಜ. “ಏನಯ್ಯಾ, ಕಲೆಯೆಂದರೆ ಕಲ್ಪನೆ, ನೀನು ಚಿತ್ರಗಾರನಿಗೆ ಎಂಜಿನಿಯರಿನ ಪರೀಕ್ಷೆ ಕೊಡುತ್ತೀಯಲ್ಲ! ನಮ್ಮ ಪುಷ್ಪಕವಿಮಾನಕ್ಕೆ ಯಾವ ಎಣ್ಣೆ ಹಾಕುತ್ತಿದ್ದರೆಂದು ಯಾರಾದರೂ ಕೇಳಿದರೆ?” ಮಾತು ಚುರುಕಾಗಿದೆ. ಆದರೆ ಪುಷ್ಪಕವು ಸಂಕಲ್ಪಮಾತ್ರದಿಂದ ಚಲಿಸುವಂಥದು. ಅದರ ಕವಿ ಅದಕ್ಕೆ ಹಲ್ಲುಚಕ್ರ ಜೋಡಿಸಲಿಲ್ಲ. ಹಲ್ಲುಚಕ್ರವನ್ನು ಬರೆದವನು ‘ಇದು ಇದರಿಂದ ನಡೆಯುತ್ತದೆ’ ಎಂದು ಮಾತುಕೊಟ್ಟ ಹಾಗೆ. ಮಾತು ಕೊಡದಿದ್ದರೆ ಚಿಂತೆಯಿಲ್ಲ. ಕೊಟ್ಟ ಮೇಲೆ ನಡೆಸಬೇಕು.

ಈ ಪ್ರಕಾರದ ಪಿತಾಮಹನೆನಿಸಿದ ಫ್ರಾನ್ಸಿನ ಜೂಲ್ಸ್ ವರ್ನ್ ನಡೆಸಿದನು. ಅವನ ನಾಟಿಲಸ್ ಎಂಬ ಜಲಾಂತರ್ಗಾಮಿ ನೌಕೆಯನ್ನು ಇಂದಿನ ಚಿತ್ರಗಾರರು ಉಗಿನೌಕೆಯೆಂದೇ ಬರೆಯುವುದುಂಟು. ೧೯೫೪ರ ಡಿಸ್ನಿ ಚಲನಚಿತ್ರಕ್ಕಾಗಿ ಹಾರ್ಪರ್ ಗಾಫ್ ರೂಪಿಸಿದ ರಿವೆಟ್ಟುಗಳ ಕಬ್ಬಿಣದ ಮೈಯೇ ಎಲ್ಲರ ಕಣ್ಣಿನಲ್ಲಿ ನಿಂತಿದೆ. ಆದರೆ ೧೮೭೦ರ ಕಾದಂಬರಿಯಲ್ಲಿ ಅದು ನಡೆಯುವುದು ವಿದ್ಯುತ್ತಿನಿಂದ. ವಿದ್ಯುತ್ತಿಗೆ ಸೋಡಿಯಂ ಬೇಕು, ಸೋಡಿಯಮ್ಮನ್ನು ಸಮುದ್ರದ ನೀರಿನಿಂದ ತೆಗೆಯಬೇಕು, ತೆಗೆಯಲು ಕಲ್ಲಿದ್ದಲು ಬೇಕು, ಆ ಕಲ್ಲಿದ್ದಲಿನ ಗಣಿ ಎಲ್ಲಿದೆ ಎಂಬಲ್ಲಿಯವರೆಗೆ ವರ್ನ್ ಲೆಕ್ಕ ಒಪ್ಪಿಸುತ್ತಾನೆ. ಅವನ ಕಲ್ಪನೆಗೆ ಇದರಿಂದ ರೆಕ್ಕೆ ಮುರಿಯಿತೆಂದು ಯಾರು ಹೇಳಿಯಾರು? ಪ್ರಸಂಗವಶಾತ್ ಹೇಳುವುದಾದರೆ, ಆ ನೌಕೆಯ ಒಡೆಯ ನೀಮೋ ನಮ್ಮ ದೇಶದವನು. ಬುಂದೇಲಖಂಡದ ರಾಜಕುಮಾರ ದಕ್ಕರ್ ಎಂಬುದು ಅವನ ನಿಜನಾಮವೆಂದು ಮುಂದಿನ ‘ನಿಗೂಢ ದ್ವೀಪ’ ಕಾದಂಬರಿಯಲ್ಲಿ ಹೊರಬೀಳುತ್ತದೆ. ಇಂದಿನ ಚಿತ್ರಗಳಲ್ಲಿ ಮಾತ್ರ ಅವನು ಬಹುಮಟ್ಟಿಗೆ ಗಡ್ಡದ ಐರೋಪ್ಯನಾಗಿಯೇ ಉಳಿದಿದ್ದಾನೆ.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು ಅವನ ೧೮೮೦ರ ‘ಉಗಿಮನೆ’ ಎಂಬ ಕಾದಂಬರಿ. ೧೮೫೭ರ ಬಂಡಾಯದ ನಂತರದ ಉತ್ತರ ಭಾರತದಲ್ಲಿ ಕೆಲವರು ಇಂಗ್ಲಿಷರೂ ಒಬ್ಬ ಫ್ರೆಂಚನೂ ಪ್ರವಾಸ ಹೊರಡುತ್ತಾರೆ. ಅವರ ಎರಡು ಗಾಲಿಮನೆಗಳನ್ನು ಎಳೆಯುವುದು ಉಕ್ಕಿನ ಉಗಿಯಾನೆ. ಸೊಂಡಿಲನ್ನು ಮೇಲೆತ್ತಿಕೊಂಡಿರುವ ಆ ಆನೆಗೆ ಸೊಂಡಿಲೇ ಹೊಗೆಕೊಳವೆ. ಔಚಿತ್ಯವೆಂದರೆ ಇದಲ್ಲವೆ? ಕೊಳವೆಯಿಲ್ಲದೆ ಒಲೆ ಉರಿಯದು, ಸೊಂಡಿಲಿಲ್ಲದೆ ಆನೆಯಾಗದು, ಎರಡನ್ನೂ ಒಂದೇ ಅಂಗದಲ್ಲಿ ತೀರಿಸಿದ್ದಾನೆ. ವರ್ನ್ ಹುಟ್ಟಿದ ನಾಂತ್ ಪಟ್ಟಣದಲ್ಲಿ ೨೦೦೭ರಿಂದ ಹನ್ನೆರಡು ಮೀಟರು ಎತ್ತರದ, ಮರ ಮತ್ತು ಉಕ್ಕಿನ ಒಂದು ಯಂತ್ರದಾನೆ ಸುಮಾರು ಐವತ್ತು ಜನರನ್ನು ಹೊತ್ತು ನಡೆಯುತ್ತಿದೆ. ಅದು ಉಗಿಯಿಂದ ನಡೆಯುವುದಲ್ಲ. ಆದರೆ ಕಾಲಿನ ಪ್ರತಿಯೊಂದು ಕೀಲೂ ಏಕಿದೆಯೆಂಬುದು ನೋಡುವವರಿಗೆ ಕಾಣುವಂತೆ ಅದನ್ನು ಕಟ್ಟಿದ್ದಾರೆ.

ಇನ್ನು ಎರಡನೆಯ ಪ್ರಶ್ನೆ. ನನಗೆ ಮುಖ್ಯವಾದದ್ದು ಇದೇ. ನಮ್ಮ ತಂದೆಯವರು ಅಕ್ಕಿ ಗಿರಣಿಯೊಂದರಲ್ಲಿ ಬಾಯ್ಲರಿನ ಕೆಲಸಗಾರರು. ಭತ್ತವನ್ನು ನೆನೆಯಿಟ್ಟು ಉಗಿಯಲ್ಲಿ ಬೇಯಿಸಿ ಒಣಗಿಸಿ ಅಕ್ಕಿ ಮಾಡುವ ಗಿರಣಿ ಅದು. ಆ ಉಗಿಗೆ ಉರುವಲು ಭತ್ತದ ಹೊಟ್ಟು. ಬೇಸಿಗೆಯಲ್ಲಿ ಹೊರಗಿನ ಬಿಸಿಲೇ ನಲವತ್ತು ಡಿಗ್ರಿ ಮುಟ್ಟುವ ನಮ್ಮ ಸೀಮೆಯಲ್ಲಿ ಅವರು ಒಲೆಯ ಬಾಗಿಲ ಮುಂದೆ ನಿಂತು ಹೊಟ್ಟು ನೂಕುತ್ತಾರೆ, ಬೂದಿ ಎಳೆಯುತ್ತಾರೆ, ನೀರಿನ ಮಟ್ಟ ತೋರುವ ಗಾಜಿನ ಕೊಳವೆಯ ಮೇಲೆ ಒಂದು ಕಣ್ಣಿಟ್ಟೇ ಇರುತ್ತಾರೆ. ನೀರು ಇಳಿದುಹೋದರೆ ಬಾಯ್ಲರು ಸಿಡಿಯುವ ಭಯ. ಆದುದರಿಂದ ಉಗಿಯುಗವೆಂಬುದು ನನಗೆ ಕಳೆದುಹೋದ ಸುವರ್ಣಯುಗವಲ್ಲ. ಅದು ದಿನವೂ ರಾತ್ರಿ ಎಂಟು ಗಂಟೆಗೆ ಮೈತುಂಬ ಬೂದಿಯೊಡನೆ ನಮ್ಮ ಮನೆಗೆ ಬಂದು ಊಟಕ್ಕೆ ಕುಳಿತುಕೊಳ್ಳುತ್ತದೆ.

ಒಂದು ದಿನ ಅವರಿಗೆ ನಾನು ಮೊಬೈಲಿನಲ್ಲಿ ಬಂದ ಉಗಿಯಾನೆಯ ಚಿತ್ರವೊಂದನ್ನು ತೋರಿಸಿದೆ. ಸಾವಿರಾರು ಜನ ಮೆಚ್ಚಿದ ಚಿತ್ರ, ನಿಜಕ್ಕೂ ಕೈಚಳಕವುಳ್ಳದ್ದು. ಅವರು ಬಹಳ ಹೊತ್ತು ನೋಡಿದರು. ಆಮೇಲೆ, “ಚಂದ ಐತಿ. ಇದಕ ನೀರು ಎಲ್ಲಿ ಬಿಡ್ತಾರ? ಬೂದಿ ಎಲ್ಲಿಂದ ತಗೀತಾರಪಾ?” ಎಂದರು. ಸ್ವಲ್ಪ ತಡೆದು, “ಒಬ್ಬ ಮನಶ್ಯಾನೂ ಕಾಣವಲ್ಲ” ಎಂದರು. ಶಾಲೆಯಲ್ಲಿ ನಾಲ್ಕನೆಯ ತರಗತಿ ದಾಟದ ಅವರ ಈ ಮೂರು ಮಾತುಗಳಿಗಿಂತ ಉತ್ತಮವಾದ ಸ್ಟೀಮ್‌ಪಂಕ್ ವಿಮರ್ಶೆಯನ್ನು ನಾನು ಎಲ್ಲಿಯೂ ಓದಿಲ್ಲ.

ಆ ಚಿತ್ರದಲ್ಲಿ ಇದ್ದವರು ಹವುದೆಯಲ್ಲಿ ಕುಳಿತು ದುರ್ಬೀನು ಹಿಡಿದ ದೊರೆ ಮತ್ತು ದೊರೆಸಾನಿ. ತಂದೆಯವರು ಅವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಅಷ್ಟೆ. ಒಲೆಯಿತ್ತು, ಒಲೆಗೆ ಬಾಗಿಲಿರಲಿಲ್ಲ. ಹೊಗೆಯಿತ್ತು, ಉರುವಲಿರಲಿಲ್ಲ. ವರ್ನನ ಮೂಲ ಕಾದಂಬರಿಯಲ್ಲಾದರೋ ಆನೆಯ ಚಾಲಕ ಸ್ಟಾರ್ ಎಂಬ ಇಂಗ್ಲಿಷನು. ಉರಿ ಹಾಕುವವನು ಕಾಲೂತ್ ಎಂಬ ಭಾರತೀಯನು. ವರ್ನ್ ಅವನಿಗೆ ಹೆಚ್ಚು ಮಾತು ಕೊಟ್ಟಿಲ್ಲ. ನಾನಾಸಾಹೇಬನನ್ನು ಬೇಟೆಯಾಡುವ ಕಥೆಯಲ್ಲಿ ಅವನ ಮನಸ್ಸಿನಲ್ಲಿ ಏನಿತ್ತೆಂಬುದು ನಮಗೆ ತಿಳಿಯದು. ಆದರೂ ಒಂದು ಹೆಸರಿದೆ, ಒಲೆಯ ಮುಂದೆ ಒಂದು ಜಾಗವಿದೆ. ಸಾಮ್ರಾಜ್ಯದ ಮಧ್ಯಾಹ್ನದಲ್ಲಿ ಬರೆದ ಫ್ರೆಂಚನಿಗೆ ಕಂಡ ಆ ಮನುಷ್ಯನು, ಸಾಮ್ರಾಜ್ಯ ಮುಳುಗಿ ಮುಕ್ಕಾಲು ಶತಮಾನವಾದ ಮೇಲೆ ಬರೆಯುವ ನಮಗೆ ಕಾಣದಾದನು. ನಮ್ಮಲ್ಲಿ ಈ ಚಿತ್ರಗಳನ್ನು ಬರೆಯುವವರು ವಿಕ್ಟೋರಿಯಾ ರಾಣಿಯ ಕಾಲದ ಟೋಪಿ, ಕೋಟು, ಲಾಂದ್ರಗಳನ್ನು ಎರವಲು ತರುವಾಗ ಆ ಕಾಲದ ಕುರುಡುತನವನ್ನೂ ಕೂಡಿಯೇ ತರುತ್ತಿದ್ದಾರೆಂದು ನನ್ನ ದೂರು.

ಎರವಲಿನ ಅವಶ್ಯಕತೆಯಾದರೂ ಏನು? ಯಂತ್ರಮೃಗದ ಕಲ್ಪನೆ ನಮ್ಮ ನೆಲಕ್ಕೆ ಹೊಸದಲ್ಲ. ೧೭೯೦ರ ದಶಕದಲ್ಲಿ ಟಿಪ್ಪು ಸುಲ್ತಾನನಿಗಾಗಿ ಮಾಡಿದ ಮರದ ಹುಲಿಯನ್ನು ನೆನೆಯಿರಿ. ಕೆಳಗೆ ಬಿದ್ದ ಐರೋಪ್ಯನ ಮೇಲೆ ಹುಲಿ ಎರಗಿದೆ. ಪಕ್ಕದ ಹಿಡಿಕೆಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಉಬ್ಬಿ ತಗ್ಗಿ, ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾನೆ, ಅವನ ಕೈ ಮೇಲೇಳುತ್ತದೆ, ಬೀಳುತ್ತದೆ. ಹೊಟ್ಟೆಯಲ್ಲಿ ಒಂದು ಪುಟ್ಟ ವಾದ್ಯವೂ ಇದೆ. ಇಲ್ಲಿ ಉಗಿಯಿಲ್ಲ, ಆದರೆ ಕಾರಣವಿಲ್ಲದ ಒಂದು ಕೊಳವೆಯೂ ಇಲ್ಲ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇದನ್ನು ಲಂಡನ್ನಿಗೆ ಒಯ್ದು ಈಸ್ಟ್ ಇಂಡಿಯಾ ಕಂಪೆನಿಯ ಮಂದಿರದಲ್ಲಿಟ್ಟರು. ಹೋದ ಬಂದವರೆಲ್ಲ ಹಿಡಿಕೆ ತಿರುಗಿಸಿ ಗರ್ಜನೆ ಕೇಳಿ ಆನಂದಪಟ್ಟರು. ಪಕ್ಕದಲ್ಲಿ ಓದಲು ಕುಳಿತವರಿಗೆ ಅದೊಂದು ಕಾಟವಾಯಿತಂತೆ. ಈಗ ಅದು ಅಲ್ಲಿಯ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಹುಲಿ ಅದೇ, ಹಿಡಿಕೆ ಅದೇ, ಗರ್ಜನೆಯೂ ಅದೇ. ಶ್ರೀರಂಗಪಟ್ಟಣದಲ್ಲಿ ತಿರುಗಿಸಿದಾಗ ಅದು ಬೆದರಿಕೆ. ಲಂಡನ್ನಿನಲ್ಲಿ ತಿರುಗಿಸಿದಾಗ ವಿನೋದ. ಹಿಡಿಕೆ ಯಾರ ಕೈಯಲ್ಲಿದೆಯೆಂಬುದನ್ನು ಬಿಟ್ಟು ಯಂತ್ರದ ಅರ್ಥವನ್ನು ಹೇಳಲಾಗದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ನಮ್ಮ ನಾಡಿನ ಚರಿತ್ರೆಯಲ್ಲಿ ಚಿತ್ರಗಾರನು ಕೈಯಿಕ್ಕಬಹುದಾದ ಇನ್ನೊಂದು ತಿರುವೂ ಇದೆ. ಬೆಂಗಳೂರಿಗೆ ಉಗಿಬಂಡಿ ಬಂದದ್ದು ೧೮೬೪ರಲ್ಲ್ಲಿ. ಅದಾದ ನಲವತ್ತು ವರ್ಷದೊಳಗೆ, ೧೯೦೨ರಲ್ಲಿ, ಶಿವನಸಮುದ್ರದ ವಿದ್ಯುತ್ತು ನೂರು ಮೈಲಿಗೆ ಸಮೀಪದ ದೂರವನ್ನು ತಂತಿಯ ಮೇಲೆ ದಾಟಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಆ ತಂತಿ ಹಾಯದೆಹೋಗಿದ್ದರೆ? ಗಣಿಯ ಬಾಯ್ಲರುಗಳು ಇನ್ನೂ ಐವತ್ತು ವರ್ಷ ಉರಿದಿದ್ದರೆ? ಸುತ್ತಣ ಕಾಡು ಉಳಿಯುತ್ತಿತ್ತೆ? ಪಾತಾಳಕ್ಕಿಳಿಯುವ ತೊಟ್ಟಿಲನ್ನು ಎಳೆಯುವ ಎಂಜಿನ್ನಿನ ಮುಂದೆ ಯಾವ ಊರಿನ ಯಾವ ಮನುಷ್ಯ ನಿಂತಿರುತ್ತಿದ್ದ? ಲಂಡನ್ನಿನ ಮಂಜನ್ನು ನೂರು ಸಲ ಬರೆದವರು ಇದನ್ನೊಮ್ಮೆ ಬರೆದು ನೋಡಬಾರದೆ?

ಮಾತು ಕೊಟ್ಟರೆ ಚಿತ್ರ ಕೊಡುವ ಯಂತ್ರಗಳು ೨೦೨೨ರಿಂದೀಚೆಗೆ ಎಲ್ಲರ ಕೈಗೂ ಬಂದಿವೆಯಷ್ಟೆ. ‘ಹಿತ್ತಾಳೆಯ ಆನೆ, ಹಲ್ಲುಚಕ್ರ, ಹೊಗೆ’ ಎಂದರೆ ಅರೆ ನಿಮಿಷದಲ್ಲಿ ನಾಲ್ಕು ಆನೆಗಳು ಬಂದು ನಿಲ್ಲುತ್ತವೆ. ಇನ್ನು ನಾವು ಬರೆಯುವುದೇಕೆ ಎಂದು ನನ್ನ ಕೆಲವು ಗೆಳೆಯರು ಕೈಚೆಲ್ಲಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಆ ಆನೆಗಳನ್ನು ಹತ್ತಿರದಿಂದ ನೋಡಿ: ಅನೇಕ ವೇಳೆ ಒಂದು ಚಕ್ರದ ಹಲ್ಲು ಇನ್ನೊಂದರೊಳಗೆ ಕರಗಿಹೋಗಿರುತ್ತದೆ, ಕೊಳವೆಯೊಂದು ಎಲ್ಲಿಂದಲೋ ಹೊರಟು ಎಲ್ಲಿಗೂ ಹೋಗುವುದಿಲ್ಲ. ಮುಂದೆ ಈ ದೋಷಗಳು ತೀರಿಯಾವು. ಯಂತ್ರಗಳು ದಿನದಿನಕ್ಕೆ ಸುಧಾರಿಸುತ್ತಿವೆ. ಆಗಲೂ ಎರಡನೆಯ ಪ್ರಶ್ನೆ ಉಳಿದೇ ಉಳಿಯುತ್ತದೆ. ಈ ಯಂತ್ರದ ಒಲೆಗೆ ಉರುವಲಾದದ್ದು ಯಾವುದು? ಲೋಕದ ಅಸಂಖ್ಯಾತ ಚಿತ್ರಗಾರರು ಬರೆದ ಚಿತ್ರಗಳು. ತಮ್ಮನ್ನು ಕೇಳದೆ ತಮ್ಮ ಕೃತಿಗಳನ್ನು ಬಳಸಿಕೊಂಡರೆಂದು ಅಮೆರಿಕದಲ್ಲಿ ಮೂವರು ಕಲಾವಿದರು ೨೦೨೩ರ ಜನವರಿಯಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ನ್ಯಾಯ ಹೇಗೇ ತೀರಲಿ, ಅವರೂ ನಮ್ಮ ಕಾಲೂತನ ಬಳಗದವರೇ.

ವಿಮರ್ಶೆಯೆಂದರೆ ನಿಂದೆಯೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಗೆಳೆಯನ ಚಿತ್ರದ ಕುಂದನ್ನು ಹೇಳಿದರೆ ಗೆಳೆತನ ಕೆಟ್ಟೀತೆಂಬ ಅಂಜಿಕೆ. ಹೇಳದೆ ಬೆನ್ನು ತಟ್ಟಿದರೆ ದೊಡ್ಡತನ. ಇದರ ಜೊತೆಗೆ ಇನ್ನೊಂದು ಅಂಜಿಕೆಯೂ ನಮ್ಮಂಥವರಲ್ಲಿದೆ. ಮನೆಯಲ್ಲಿ ಮೊದಲನೆಯದಾಗಿ ಕಾಲೇಜಿನ ಮೆಟ್ಟಿಲು ಹತ್ತಿದವರು ನಾವು. ಕಲೆಯ ವಿಷಯ ಮಾತನಾಡುವ ಭಾಷೆ ನಮ್ಮ ಬಾಯಿಗೆ ಇನ್ನೂ ಹತ್ತಿಲ್ಲ. ಅದನ್ನು ಬಲ್ಲವರು ಎಲ್ಲೋ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುತ್ತಾರೆಂದು ಸುಮ್ಮನಾಗುತ್ತೇವೆ. ಬೇರೆ ಬಗೆಯ ಚಿತ್ರಗಳ ಮಟ್ಟಿಗೆ ಇದು ಒಂದು ವೇಳೆ ನಿಜವಿದ್ದರೂ ಇರಲಿ. ಯಂತ್ರದ ಚಿತ್ರದ ಮಟ್ಟಿಗೆ ಶುದ್ಧ ಸುಳ್ಳು. ಬಡಗಿಯ ಮಗನಿಗೆ ಕೀಲು ಗೊತ್ತು, ಪಂಪಸೆಟ್ಟು ರಿಪೇರಿ ಮಾಡುವವನ ತಮ್ಮನಿಗೆ ವಾಲ್ವು ಗೊತ್ತು, ಹೊಲಿಗೆ ಯಂತ್ರ ತುಳಿದು ಮಗಳನ್ನು ಓದಿಸಿದ ತಾಯಿಗೆ ಪಟ್ಟಿ ಎಷ್ಟು ಬಿಗಿ ಇರಬೇಕೆಂಬುದು ಗೊತ್ತು. ನಮ್ಮ ಅಧ್ಯಾಪಕವರ್ಗದವರು ಮುಂದಿನ ವರ್ಷದ ಪ್ರದರ್ಶನದಲ್ಲಿ ಅಭಿಪ್ರಾಯ ಪುಸ್ತಕದ ಬದಲು ಪ್ರತಿಯೊಂದು ಚಿತ್ರದ ಪಕ್ಕದಲ್ಲಿಯೂ ಒಂದು ಬಿಳಿಯ ಹಾಳೆ ಅಂಟಿಸಿ, ‘ಚೆನ್ನಾಗಿದೆ’ ಎಂಬ ಪದವನ್ನು ಮಾತ್ರ ಅಲ್ಲಿ ನಿಷೇಧಿಸಿದರೆ ಎಷ್ಟೋ ಉಪಕಾರವಾದೀತು.

ಈಗ ನನ್ನ ಕಂಪ್ಯೂಟರಿನಲ್ಲಿಯೂ ಒಂದು ಉಗಿಯಾನೆ ಅರ್ಧ ಎದ್ದುನಿಂತಿದೆ. ಭತ್ತದ ಗದ್ದೆಯ ಬದುವಿನ ಮೇಲೆ ನಡೆಯುವ ಆನೆ. ಉರುವಲು ಹೊಟ್ಟು, ಬೂದಿಗೆ ಹಿಂಗಾಲಿನ ಬಳಿ ಒಂದು ಬಾಗಿಲು, ನೀರಿಗೆ ಕಾಲುವೆ. ಉರಿ ಹಾಕುವ ಮನುಷ್ಯನನ್ನು ಎಲ್ಲಿ ನಿಲ್ಲಿಸಬೇಕೆಂಬುದರಲ್ಲಿ ಮಾತ್ರ ನನಗೂ ನನ್ನ ಆಪ್ತ ಗೆಳೆಯನೊಬ್ಬನಿಗೂ ತಿಂಗಳಿನಿಂದ ವಾಗ್ವಾದ ನಡೆದಿದೆ. ಮನುಷ್ಯನನ್ನೇ ಬರೆಯಬೇಡ, ಒಲೆಯ ಬಾಗಿಲಿನಿಂದ ಹೊರಬಿದ್ದ ಕೆಂಪು ಬೆಳಕಿನಲ್ಲಿ ಅವನ ನೆರಳನ್ನಷ್ಟೇ ಕಾಣಿಸು, ಧ್ವನಿಯೇ ಕಾವ್ಯದ ಆತ್ಮವಲ್ಲವೆ ಎಂದು ಅವನ ವಾದ. ಶಾಸ್ತ್ರದ ಪ್ರಕಾರ ಅವನು ಹೇಳುವುದೇ ಸರಿಯಿರಬಹುದು. ಚಿತ್ರವೂ ಅದರಿಂದ ಹೆಚ್ಚು ಗಂಭೀರವಾದೀತು. ಆದರೆ ನೆರಳಾಗಿದ್ದು ಸಾಕೆಂದು ನನಗೆ ತೋರುತ್ತದೆ. ಮುಖವನ್ನು ಬರೆಯಬೇಕು, ಬೆವರನ್ನು ಬರೆಯಬೇಕು, ಹಣೆಯ ಬೂದಿಯ ಮೇಲೆ ಬೆವರು ಇಳಿದ ಗೆರೆಯನ್ನೂ ಬರೆಯಬೇಕು. ಅದಕ್ಕೆಂದೇ ಒಂದು ಪದರವನ್ನು ಖಾಲಿ ಇಟ್ಟಿದ್ದೇನೆ.